ನಾನೂರಾ ಹನ್ನೆರಡು ಹೆಜ್ಜೆ

ನಮ್ಮೂರಿನಲ್ಲಿ ಸತ್ತವರನ್ನು ಯಾರೂ ಹೊರುವುದಿಲ್ಲ. ಅವರವರ ಕಾಲ ಮೇಲೆ ಅವರವರೇ ಮಣ್ಣಿಗೆ ಹೋಗುತ್ತಾರೆ. ಒಬ್ಬನಿಗೆ ಮಾತ್ರ ನಾಲ್ಕು ಜನ ಹೆಗಲು ಕೊಟ್ಟರು, ಯಾಕೆಂದರೆ ಅವನ ಕಾಲು ಅಷ್ಟರೊಳಗೆ ನಡೆದು ಮುಗಿಸಿತ್ತು. ಹೆಗಲು ಕೊಡುವುದು ಹೇಗೆಂದು ಆ ನಾಲ್ವರಿಗೂ ಗೊತ್ತಿರಲಿಲ್ಲ, ದಾರಿಯಲ್ಲಿ ಎರಡು ಕಡೆ ಎಡವಿದರು. ಊರಿನವರು ಅದನ್ನು ಈಗಲೂ ಮಾತಾಡಿಕೊಳ್ಳುತ್ತಾರೆ, ನಾನು ಹತ್ತಿರ ಹೋದ ಕೂಡಲೇ ಬಾಯಿ ಮುಚ್ಚುತ್ತಾರೆ. ಮಾತಾಡಲಿ, ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ಅವತ್ತು ನಡೆದದ್ದು ನಡೆದ ಹಾಗೆ ಗೊತ್ತಿರುವುದು ಇಬ್ಬರಿಗೇ, ನನಗೆ ಮತ್ತು ಮೌಲಾಸಾಬನಿಗೆ. ಮೌಲಾಸಾಬ ಆಮೇಲೆ ಮಾತನ್ನೇ ಕಡಿಮೆ ಮಾಡಿಬಿಟ್ಟಿದ್ದಾನೆ. ಹಾಗಾಗಿ ನಾನು ಹೇಳುತ್ತೇನೆ.

ನನ್ನ ಹೆಸರು ದುಂಡವ್ವ. ಮದ್ದಿನ ದುಂಡವ್ವ ಅಂದರೆ ಚಿಕ್ಕ ಮಕ್ಕಳೂ ಮನೆ ತೋರಿಸುತ್ತಾರೆ, ತೋರಿಸಿ ಓಡಿಹೋಗುತ್ತಾರೆ. ನನ್ನ ಅವ್ವ ಈ ಕೆಲಸ ಮಾಡುತ್ತಿದ್ದಳು, ಅವಳ ಕೈ ನಡುಗತೊಡಗಿದಾಗ ನನಗೆ ಕೊಟ್ಟಳು. ಯಾರಾದರೂ ಸತ್ತರೆ ನನ್ನನ್ನು ಕರೆಯುತ್ತಾರೆ. ನಾನು ಹೋಗಿ ಅವರನ್ನು ಮಗ್ಗುಲಾಗಿಸಿ, ಸೊಂಟದ ಎಲುಬಿನಿಂದ ಮೂರು ಬೆರಳು ಮೇಲೆ, ಬೆನ್ನುಮೂಳೆಯ ಸಂದಿಯಲ್ಲಿ ಸೂಜಿ ಇಳಿಸಿ ಮದ್ದು ಹಾಕುತ್ತೇನೆ. ಹಾಲು ಒಂದು ಸಲ ಉಕ್ಕುವಷ್ಟು ಹೊತ್ತು ಕಾಯಬೇಕು. ಕಾಲಿನ ಬೆರಳು ತಾವಾಗಿ ಆಡತೊಡಗುತ್ತವೆ. ಆಗ ಮೌಲಾಸಾಬ ಬರುತ್ತಾನೆ. ಅವನು ಪೆಟ್ಟಿಗೆಯವನು. ಪೆಟ್ಟಿಗೆಯಿಂದ ಎರಡು ತಂತಿ, ತಂತಿಯ ತುದಿಗೆ ಎರಡು ಹಿತ್ತಾಳೆ ಬಿಲ್ಲೆ. ಬಿಲ್ಲೆಗಳನ್ನು ಬೆನ್ನಿಗೆ ಅಂಟಿಸಿ ಕರೆಂಟು ಬಿಡುತ್ತಾನೆ. ಬರೀ ಮದ್ದಿಗೆ ಬೆರಳು ಆಡುತ್ತವೆ, ಅಷ್ಟೇ. ಬರೀ ಕರೆಂಟಿಗೆ ಕಾಲು ಕಂಬದ ಹಾಗೆ ಸೆಟೆದು ನಿಲ್ಲುತ್ತವೆ. ಎರಡೂ ಕೂಡಿದರೆ ಮಾತ್ರ ಮೊಣಕಾಲು ಮಡಚುತ್ತದೆ, ಹಿಮ್ಮಡಿ ಏಳುತ್ತದೆ, ಒಂದು ಹೆಜ್ಜೆ ಬೀಳುತ್ತದೆ, ಅದರ ಹಿಂದೆ ಇನ್ನೊಂದು.

ದೇಹ ಬೀಳದಂತೆ ನಾಲ್ಕು ಗಾಲಿಯ ಒಂದು ಕಟ್ಟಿಗೆಯ ಚೌಕಟ್ಟಿದೆ. ಎದೆಗೂ ಕಂಕುಳಿಗೂ ಬಟ್ಟೆ ಸುತ್ತಿ ಅದಕ್ಕೆ ಕಟ್ಟುತ್ತೇವೆ. ಮೌಲಾಸಾಬ ಪೆಟ್ಟಿಗೆಯನ್ನು ಚೌಕಟ್ಟಿನ ಹಿಂಬದಿಗೆ ಇಟ್ಟುಕೊಂಡು ನೂಕುತ್ತಾನೆ. ಸತ್ತವರ ಮನೆಯವರಲ್ಲಿ ಒಬ್ಬರು ಮುಂದೆ ಹಗ್ಗ ಹಿಡಿದು ದಾರಿ ತೋರಿಸುತ್ತಾರೆ. ಹಗ್ಗ ಹಿಡಿದವರು ಹಿಂತಿರುಗಿ ನೋಡಬಾರದು. ನೋಡಿದರೆ ಹಗ್ಗ ಓರೆಯಾಗುತ್ತದೆ, ಚೌಕಟ್ಟು ಚರಂಡಿಗೆ ಇಳಿಯುತ್ತದೆ. ಕಾಲಿಗೆ ಚಪ್ಪಲಿ ಹಾಕುವುದಿಲ್ಲ, ಅಂಗಾಲಿಗೆ ನೆಲ ತಿಳಿಯದಿದ್ದರೆ ಹೆಜ್ಜೆ ಏಳುವುದಿಲ್ಲ. ಅದಕ್ಕೇ ನಮ್ಮೂರಿನ ಓಣಿಗಳಿಗೆಲ್ಲ ಹಾಸುಗಲ್ಲು ಹೊದಿಸಿದ್ದಾರೆ. ಕಲ್ಲಿಗೇನು ಬರವಿಲ್ಲ, ಊರ ಹಿಂದೆಯೇ ಗಣಿ.

ಪ್ರತಿ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಸುಣ್ಣದಲ್ಲಿ ಒಂದು ಅಂಕಿ ಬರೆದಿದೆ, ಆ ಬಾಗಿಲಿನಿಂದ ಮಣ್ಣಿಗೆ ಎಷ್ಟು ಹೆಜ್ಜೆ ಎಂದು. ನಮ್ಮದು ಆರುನೂರಾ ನಲವತ್ತು. ಹೆಣ್ಣು ಕೊಡುವವರು ಮೊದಲು ಅದನ್ನೇ ನೋಡುತ್ತಾರೆ, ಅಂಕಿ ದೊಡ್ಡದಿದ್ದರೆ ಒಳ್ಳೆಯ ಮನೆ. ನನ್ನ ಸಿರಿಂಜಿನ ಗಾಜಿನ ಮೇಲೆ ಗೆರೆಗಳಿವೆ. ನೂರು ಹೆಜ್ಜೆಗೆ ಒಂದು ಗೆರೆ. ಬಾಗಿಲು ನೋಡಿ ಮದ್ದು ಎಳೆಯುತ್ತೇನೆ. ಗುಂಡಿಯ ಅಂಚಿಗೆ ಬರುವ ಹೊತ್ತಿಗೆ ಮದ್ದು ಮುಗಿದು ಕಾಲು ಸೆಟೆದು ನಿಲ್ಲುತ್ತವೆ, ಮೌಲಾಸಾಬ ಕರೆಂಟು ಬಂದ್ ಮಾಡುತ್ತಾನೆ, ಜನ ಇಳಿಸಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಲೆಕ್ಕ ನಾಲ್ಕು ಹೆಜ್ಜೆ ಆಚೀಚೆ ಆದದ್ದಿಲ್ಲ. ಇದು ಜಂಬ ಅಂದರೆ ಜಂಬವೇ. ಮದುವೆ ಆಗಲಿಲ್ಲ, ಹೆಣದ ಬೆನ್ನು ಮುಟ್ಟಿದ ಕೈಯಿಂದ ಉಣ್ಣಲು ಯಾವ ಗಂಡಸೂ ಬರಲಿಲ್ಲ. ನನಗೆ ಇದ್ದದ್ದು ಈ ಲೆಕ್ಕ ಮತ್ತು ನನ್ನ ತಮ್ಮ ಭೀಮಶಾ.

ಭೀಮಶಾ ಗಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ನಾಲ್ಕು ವರ್ಷದ ಹಿಂದೆ ಒಂದು ಚಪ್ಪಡಿ ಜಾರಿ ಅವನ ಸೊಂಟದ ಮೇಲೆ ಕೂತಿತು. ಪ್ರಾಣ ಉಳಿಯಿತು. ಸೊಂಟದ ಕೆಳಗೆ ಏನೂ ಉಳಿಯಲಿಲ್ಲ, ಚೇಳು ಕಚ್ಚಿದರೂ ತಿಳಿಯುವುದಿಲ್ಲ. ಅವತ್ತಿನಿಂದ ಪಡಸಾಲೆಯ ಮಂಚವೇ ಅವನ ಊರು. ಮೊದಲು ಗೆಳೆಯರು ಬರುತ್ತಿದ್ದರು. ಆಮೇಲೆ ಬಾಗಿಲಲ್ಲೇ ನಿಂತು ಹೋಗತೊಡಗಿದರು. ಕಡೆಗೆ ನನ್ನ ಹತ್ತಿರ ಕೇಳುವಾಗ "ಭೀಮಶಾ ಎಂಥಾ ಕೆಲಸಗಾರ ಇದ್ದ" ಅನ್ನತೊಡಗಿದರು. ಅವನು ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ. ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಅವನ ಹೆಂಡತಿ ಸಾವಂತ್ರಿ ನಾಲ್ಕು ವರ್ಷ ಅವನನ್ನು ಮಗ್ಗುಲು ಬದಲಿಸಿ, ತೊಳೆದು, ಒರೆಸಿ ನೋಡಿಕೊಂಡಳು. ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಅವಳ ಅಪ್ಪ ಮಲಕಪ್ಪ ಗಣಿಯ ಮೇಸ್ತ್ರಿ, ಊರ ಇನ್ನೊಂದು ತುದಿಯಲ್ಲಿ ಮನೆ. ಅವನು ಒಂದು ದಿನ ಬಂದು ನಮ್ಮ ಪಡಸಾಲೆಯಲ್ಲಿ ಕೂತ. ಬೈಯಲಿಲ್ಲ, ಕೂಗಾಡಲಿಲ್ಲ.

"ನೋಡವಾ ದುಂಡವ್ವ," ಅಂದ. "ನನ್ನ ಮಗಳಿಗಿ ಇನ್ನಾ ಇಪ್ಪತ್ತೇಳು. ನಾ ಹೋದ ಮ್ಯಾಲ ಆಕಿನ್ನ ಯಾರು ನೋಡ್ತಾರ? ಒಬ್ಬಾವ ಉಡಿಕಿಗಿ ಒಪ್ಪ್ಯಾನ. ಬರೂ ಹುಣ್ಣಿವಿಗಿ ಮಾಡ್ತೀನಿ."

ಉಡಿಕಿ ಅಂದರೆ ಹೆಣ್ಣಿಗೆ ಎರಡನೇ ಮದುವೆ. ನಮ್ಮಲ್ಲಿ ಅದಕ್ಕೆ ಅಡ್ಡಿಯಿಲ್ಲ, ಆದರೆ ಗಂಡ ಬದುಕಿದ್ದಾಗ ಮಾಡುವುದು ನಾನು ಕಂಡಿರಲಿಲ್ಲ. ಮಂಚದ ಮೇಲಿನಿಂದ ಭೀಮಶಾ ಕೇಳಿದ, "ಮಾವಾ, ನಾ ಇನ್ನಾ ಅದೀನಲ್ಲ?"

ಮಲಕಪ್ಪ ಅವನ ಕಡೆ ನೋಡಲಿಲ್ಲ. "ಇದ್ರ ನಡ್ಕೋತ ಬರ್ಲಿ," ಅಂದ. "ತನ್ನ ಕಾಲ ಮ್ಯಾಲ ನನ್ನ ಬಾಗಲಿಗಿ ಬಂದು ಕರಕೊಂಡ ಹೋಗ್ಲಿ. ನಾ ಒಂದು ಮಾತು ಆಡಿದ್ರ ನನ್ನ ಹೆಸರು ಮಲಕಪ್ಪ ಅಲ್ಲ." ಮಗಳ ಕೈ ಹಿಡಿದು ಎಬ್ಬಿಸಿದ. ಅವಳು ಹೊಸ್ತಿಲ ತನಕ ಹಿಂದೆ ನೋಡುತ್ತಲೇ ಹೋದಳು.

ಅವತ್ತಿನಿಂದ ಭೀಮಶಾ ಅನ್ನ ಬಿಟ್ಟ. ನಾಲ್ಕನೇ ದಿನ ನನ್ನ ಸೆರಗು ಹಿಡಿದು ಎಳೆದ. "ಅಕ್ಕಾ, ನಿನ್ನ ಮದ್ದು ಹಾಕು."

ಇದನ್ನು ಅವನು ನಾಲ್ಕು ವರ್ಷದಿಂದ ಕೇಳುತ್ತಲೇ ಇದ್ದ, ನಾನು ಆಗದು ಅನ್ನುತ್ತಲೇ ಇದ್ದೆ. ಬದುಕಿದವರಿಗೆ ಹಾಕಬಾರದು ಅಂತ ಅವ್ವ ಹೇಳಿದ್ದಳು. ಯಾಕೆ ಅಂತ ಹೇಳಿರಲಿಲ್ಲ. ಅವಳಿಗೂ ಅವಳವ್ವ ಹೇಳಿರಲಿಲ್ಲ ಅಂತ ಕಾಣುತ್ತದೆ. ಹೇಳಿದ್ದರೆ ನಾನು ಈ ಕಥೆ ಹೇಳುತ್ತಾ ಕೂಡಬೇಕಿರಲಿಲ್ಲ.

ಮೌಲಾಸಾಬನನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. "ಸತ್ತೋರ ಪೆಟ್ಟಿಗಿ ಅದು, ಬದುಕಿದವರಿಗಿ ಹಚ್ಚಿದ್ರ ನನ್ನ ಕೈ ಸೇದಿ ಹೋಗ್ಲಿ," ಅಂದ. ಆಮೇಲೆ ಒಂದು ಮಧ್ಯಾಹ್ನ ಬಂದು ಭೀಮಶಾನನ್ನು ನೋಡಿದ, ಇಬ್ಬರೂ ಒಂದೇ ಗಣಿಯಲ್ಲಿ ಬೆಳೆದವರು. ಹೋಗಿ ಪೆಟ್ಟಿಗೆ ತಂದ.

ಬಾಗಿಲು ಹಾಕಿಕೊಂಡು ಪಡಸಾಲೆಯಲ್ಲೇ ನೋಡಿದೆವು. ಗೆರೆಯ ಹತ್ತರಲ್ಲಿ ಒಂದು ಪಾಲು ಮದ್ದು. ಚೌಕಟ್ಟಿಗೆ ಕಟ್ಟಿ ಕರೆಂಟು ಬಿಟ್ಟಾಗ ಅವನ ಬಲ ಮೊಣಕಾಲು ಮಡಚಿತು. ಅವನು ತನ್ನ ಕಾಲನ್ನು ಬೇರೆ ಯಾರದ್ದೋ ಎನ್ನುವ ಹಾಗೆ ನೋಡುತ್ತಿದ್ದ. ಮಂಚದಿಂದ ಗೋಡೆಯ ತನಕ ಹನ್ನೊಂದು ಹೆಜ್ಜೆ. ಗೋಡೆಗೆ ಕೈ ಹಚ್ಚಿ ನಿಂತು ಅವನು ಅತ್ತ. ಸಣ್ಣವನಿದ್ದಾಗ ಅವ್ವ ಸತ್ತ ದಿನ ಅತ್ತದ್ದು ಬಿಟ್ಟರೆ ನಾನು ಅವನ ಅಳು ಕಂಡಿರಲಿಲ್ಲ. ಎತ್ತಿ ಮಂಚಕ್ಕೆ ಹಾಕುವಾಗ ಅವನ ಎದೆಗೆ ನನ್ನ ಕೈ ತಾಗಿತು. ಡವಡವ ಹೊಡೆದುಕೊಳ್ಳುತ್ತಿತ್ತು, ಕಡಿಮೆ ಆಗಲು ಬಹಳ ಹೊತ್ತಾಯಿತು. ಸಂತೋಷಕ್ಕೆ ಅಂದುಕೊಂಡೆ. ಹೆಣದ ಎದೆ ಹೊಡೆದುಕೊಳ್ಳುವುದಿಲ್ಲ. ಇಪ್ಪತ್ತೆರಡು ವರ್ಷ ಕಾಲು ನೋಡಿದವಳಿಗೆ ಎದೆ ನೋಡುವುದು ಗೊತ್ತಿರಲಿಲ್ಲ.

ಮರುದಿನ ನಮ್ಮ ಬಾಗಿಲಿನಿಂದ ಮಲಕಪ್ಪನ ಬಾಗಿಲ ತನಕ ನಡೆದು ಎಣಿಸಿದೆ. ಹೆಣದ ಹೆಜ್ಜೆ ನನಗೆ ಗೊತ್ತು, ಸಣ್ಣದು, ಅದೇ ಅಳತೆಯಲ್ಲಿ ಕಾಲಿಟ್ಟೆ. ನಾನೂರಾ ಹನ್ನೆರಡು. ಮತ್ತೊಮ್ಮೆ ಎಣಿಸಿದೆ, ಅಷ್ಟೇ. ನಾಲ್ಕು ಗೆರೆ ಮತ್ತು ಮೇಲೊಂದು ಚೂರು. ಲೆಕ್ಕ ಸರಿ ಇದೆ ಅಂತ ಸಮಾಧಾನದಿಂದ ಮನೆಗೆ ಬಂದೆ.

ಹುಣ್ಣಿಮೆಗೆ ಮೂರು ದಿನ ಇದ್ದಾಗ, ಬೆಳಿಗ್ಗೆ ಹತ್ತರ ಹೊತ್ತಿಗೆ ಹೊರಟೆವು. ಭೀಮಶಾ ಮದುವೆಯ ಅಂಗಿ ಹಾಕಿಕೊಂಡ, ತಲೆಗೆ ಕೆಂಪು ರುಮಾಲು ಸುತ್ತಿದ. ಬೇರೆ ಯಾರೂ ಇಲ್ಲದ್ದಕ್ಕೆ ಹಗ್ಗ ನಾನೇ ಹಿಡಿದೆ. ಪೆಟ್ಟಿಗೆ ಗುಂಯ್ ಅನ್ನತೊಡಗಿತು. ಆ ಸದ್ದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಸದ್ದು ಕೇಳಿದ ಕೂಡಲೇ ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ನಡೆಯುವವರು ದಾರಿ ತಪ್ಪಿ ತಮ್ಮ ಮನೆ ಹೊಕ್ಕಾರು ಅಂತ ಹೊಸ್ತಿಲಿಗೆ ಒಂದೊಂದು ಚೆಂಬು ನೀರು ಸುರಿದು ಮುಚ್ಚುತ್ತಾರೆ. ಆದರೆ ಪೆಟ್ಟಿಗೆ ಯಾವತ್ತೂ ಪಡುವಣಕ್ಕೆ, ಮಣ್ಣಿನ ಕಡೆ ಹೋಗುವಂಥದ್ದು. ನಾವು ಮೂಡಣಕ್ಕೆ ಹೊರಟಿದ್ದೆವು. ಒಳಗಿನಿಂದ ಗುಸುಗುಸು ಕೇಳಿಸುತ್ತಿತ್ತು.

"ಏ ಕಾಶವ್ವ!" ಭೀಮಶಾ ಹಿಂದಿನಿಂದ ಕೂಗಿದ. ಕಾಶವ್ವ ಓಣಿಯ ನಡುವಿನ ಮನೆಯವಳು, ಊರ ಸುದ್ದಿಯೆಲ್ಲ ಅವಳ ಸೆರಗಿನಲ್ಲೇ ಇರುತ್ತದೆ. "ಬಾಗಲಾ ತಗಿ, ನಾ ಭೀಮಶಾ. ಸತ್ತಿಲ್ಲ!"

"ಯವ್ವಾ, ಮಾತಾಡಾಕತ್ತದ!" ಅಂತ ಒಳಗಿನಿಂದ ಕಾಶವ್ವ ಚೀರಿದಳು. ಚೆಂಬು ಬಿದ್ದು ಉರುಳಿದ ಸದ್ದಾಯಿತು. ಬಾಗಿಲ ಕೆಳಗಿನಿಂದ ನೀರು ಹರಿದು ಬಂತು.

ಭೀಮಶಾ ನಕ್ಕ. ನಾನೂ ನಕ್ಕೆ, ಮೌಲಾಸಾಬನಿಗೂ ತಡೆಯಲಾಗಲಿಲ್ಲ. ಆಮೇಲೆ ಪ್ರತಿ ಮುಚ್ಚಿದ ಬಾಗಿಲಿಗೂ ಭೀಮಶಾ ಹೆಸರು ಹಿಡಿದು ಕೂಗುತ್ತಾ ಬಂದ. "ಕಲ್ಲಣ್ಣಾ, ನನ್ನ ಸುತ್ತಗಿ ಒಯ್ದಿದ್ದಿ, ನಾಳಿಗಿ ತಂದು ಕೊಡು." "ಅತ್ತಿ, ಎಮ್ಮಿ ಈಯಿತೇನು?" ಒಬ್ಬರೂ ಬಾಗಿಲು ತೆಗೆಯಲಿಲ್ಲ. ನಾನು ಹಿಂತಿರುಗಿ ನೋಡುವಂತಿರಲಿಲ್ಲ, ಆದರೆ ಅವನ ದನಿಯಲ್ಲೇ ಅವನ ಮುಖ ಕಾಣುತ್ತಿತ್ತು. ಅವನು ಗಣಿಯಿಂದ ಕೂಲಿ ಮುಗಿಸಿ ಬರುತ್ತಿದ್ದಾಗಿನ ದನಿ ಅದು. ನನ್ನ ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯ ನಾನೂರಾ ಹನ್ನೆರಡು ಹೆಜ್ಜೆ ನಾನು ನಡೆದಿಲ್ಲ.

ಮಲಕಪ್ಪನ ಬಾಗಿಲೂ ಮುಚ್ಚಿತ್ತು. ಹೊಸ್ತಿಲು ಒದ್ದೆಯಾಗಿತ್ತು. ನಾನು ಎಣಿಸುತ್ತಾ ಬಂದು ನಾನೂರಾ ಹತ್ತು, ಹನ್ನೊಂದು, ಹನ್ನೆರಡು ಅಂದೆ. ಹೊಸ್ತಿಲಿನಿಂದ ಒಂದು ಮೊಳ ಈಚೆ ಭೀಮಶಾನ ಕಾಲು ಸೆಟೆದು ನಿಂತವು. ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ನಾನು ಹೆಮ್ಮೆಯಿಂದ ಮೌಲಾಸಾಬನ ಮುಖ ನೋಡಿದೆ.

"ಸಾವಂತ್ರಿ," ಭೀಮಶಾ ಕರೆದ. "ನಾ ಬಂದೀನಿ. ಬಾಗಲಾ ತಗಿ."

ಒಳಗಿನಿಂದ ಮಲಕಪ್ಪನ ದನಿ, "ತಗೀಬ್ಯಾಡ, ಪೆಟ್ಟಿಗಿ ಸದ್ದು ಕೇಳಸ್ತದ." ಅದರ ಮೇಲೆ ಅವಳ ದನಿ, "ಅಪ್ಪಾ, ಸತ್ತೋರು ಹೆಸರು ಹಿಡದು ಕರೀತಾರೇನು?" ಅಗುಳಿ ತೆಗೆದ ಸದ್ದಾಯಿತು.

ಸಾವಂತ್ರಿ ಬಾಗಿಲಲ್ಲಿ ನಿಂತು ಅವನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ನಾಲ್ಕು ವರ್ಷದ ಮೇಲೆ ಅವನನ್ನು ಕತ್ತೆತ್ತಿ ನೋಡಬೇಕಾಗಿ ಬಂದಿತ್ತು. ಅವನು ಅವಳಿಗಿಂತ ಒಂದು ಗೇಣು ಎತ್ತರ ಅನ್ನುವುದು ನನಗೇ ಮರೆತುಹೋಗಿತ್ತು. ಅವಳ ಹಿಂದೆ ಮಲಕಪ್ಪ ಬಂದು ನಿಂತ. ಪೆಟ್ಟಿಗೆ ನೋಡಿದ, ತಂತಿ ನೋಡಿದ, ಅಳಿಯನ ಪಾದ ನೋಡಿದ. ಏನಾದರೂ ಕೊಂಕು ತೆಗೆಯುತ್ತಾನೆ ಅಂದುಕೊಂಡೆ.

"ಆಡಿದ ಮಾತು ಆಡೀನಿ," ಅಂದ. ಮಗಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ. "ಕರಕೊಂಡ ಹೋಗಪ್ಪ."

ಸಾವಂತ್ರಿ ಒಳಗೋಡಿ, ಎರಡು ಸೀರೆ ಗಂಟು ಕಟ್ಟಿಕೊಂಡು ಬಂದಳು. ಬಂದು ಹೊಸ್ತಿಲು ದಾಟಿ ಅವನ ಎದುರು ನಿಂತು ಹೇಳಿದಳು, "ನಡ್ರಿ, ಮನಿಗಿ ಹೋಗೋಣು."

ಆಗ ನನಗೆ ಹೊಳೆಯಿತು. ಕೈಯಲ್ಲಿದ್ದ ಹಗ್ಗ ಜಾರಿ ಬಿತ್ತು.

ಮರಳಿ ಹೋಗುವುದನ್ನು ನಾನು ಎಣಿಸಿರಲೇ ಇಲ್ಲ. ಎರಡು ಸಲ ನಡೆದು ಅಳೆದಿದ್ದೆ, ಎರಡು ಸಲವೂ ನಾನೇ ಆ ದಾರಿಯಲ್ಲಿ ಮನೆಗೆ ವಾಪಸ್ಸು ಬಂದಿದ್ದೆ, ಆದರೂ ಹೊಳೆದಿರಲಿಲ್ಲ. ಮಲಕಪ್ಪ ಬಾಯಿ ಬಿಟ್ಟು ಹೇಳಿದ್ದ, ಬಂದು ಕರಕೊಂಡ ಹೋಗಲಿ ಅಂತ. ಅದರಲ್ಲಿ 'ಬಂದು' ಅನ್ನುವುದಷ್ಟೇ ನನ್ನ ಕಿವಿಗೆ ಬಿದ್ದಿತ್ತು. ನಾನು ನಡೆಸಿದವರಲ್ಲಿ ಒಬ್ಬರಾದರೂ ಮನೆಗೆ ವಾಪಸ್ಸು ಬಂದದ್ದುಂಟೇ? ಮೌಲಾಸಾಬನಿಗೂ ಹೊಳೆದಿರಲಿಲ್ಲ. ಊರಲ್ಲಿ ಯಾರನ್ನು ಕೇಳಿದ್ದರೂ ಹೊಳೆಯುತ್ತಿರಲಿಲ್ಲ. ಹೀಗೆ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ, ಸಮಾಧಾನ ಆಗುವುದಿಲ್ಲ.

"ಅಕ್ಕಾ, ಕಾಲು ಏಳವಲ್ವು," ಅಂದ ಭೀಮಶಾ, ಮೆಲ್ಲಗೆ, ಹೆಂಡತಿಗೆ ಕೇಳಿಸದ ಹಾಗೆ.

ನಾನು ಮೌಲಾಸಾಬನನ್ನು ಪಕ್ಕಕ್ಕೆ ಕರೆದೆ. ಶೀಶೆ ನನ್ನ ಚೀಲದಲ್ಲೇ ಇತ್ತು, ಅದರಲ್ಲಿ ಮದ್ದೂ ಇತ್ತು. ಅವನು ನನ್ನ ಕೈ ಚೀಲಕ್ಕೆ ಹೋಗುವುದನ್ನು ನೋಡಿ ತಲೆ ಅಲ್ಲಾಡಿಸಿದ. "ಬ್ಯಾಡ ದುಂಡವ್ವ. ಒಂದರ ಮ್ಯಾಲ ಒಂದು ಹಾಕಿದ್ದು ನಾ ನೋಡಿಲ್ಲ. ಗಾಡಿ ನೂಕ್ಕೋತ ಹೋಗಿಬಿಡೂನು, ಕಾಲು ಎಳದಾಡ್ಲಿ."

ಭೀಮಶಾನ ಕಿವಿಗೆ ಬಿತ್ತು. "ಎಳಕೊಂಡ ಹೋಗ್ತೀರಿ? ಮಾವನ ಮುಂದ? ಊರ ಮುಂದ?" ಅವನ ಹಣೆಯ ಮೇಲೆ ಬೆವರು ಮೂಡಿತ್ತು. "ಹಂಗ ಒಯ್ಯೂದಾದ್ರ ಮಣ್ಣಿಗೇ ಒಯ್ರಿ. ಅಕ್ಕಾ, ಹಾಕು."

ಅವನ ಮಣಿಕಟ್ಟು ಹಿಡಿದು ನೋಡಿದೆ. ನಾಡಿ ಎಣಿಸಲು ಆಗದಷ್ಟು ಜೋರಾಗಿ ಓಡುತ್ತಿತ್ತು. ಈ ಸಲ ಅದು ಸಂತೋಷ ಅಂತ ನನಗೆ ಅನ್ನಿಸಲಿಲ್ಲ. ಅನ್ನಿಸಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಭಯವಾಯಿತು. ಅರ್ಧ ಹಾಕೋಣ ಅಂದುಕೊಂಡೆ, ಆದರೆ ಅರ್ಧ ಹಾಕಿದರೆ ಓಣಿಯ ನಡುವೆ ನಿಂತುಬಿಡುತ್ತಾನೆ. ಎದುರಿಗೆ ಗಂಟು ಹಿಡಿದುಕೊಂಡು ಸಾವಂತ್ರಿ ಕಾಯುತ್ತಿದ್ದಳು. ಅವಳ ಮುಖ ನೋಡಿದೆ, ತಮ್ಮನ ಮುಖ ನೋಡಿದೆ. ನಾಲ್ಕು ಗೆರೆ ಮತ್ತು ಮೇಲೊಂದು ಚೂರು ಎಳೆದೆ. ಚೌಕಟ್ಟಿನಲ್ಲಿ ನಿಂತಿದ್ದ ಹಾಗೇ, ಅಂಗಿ ಎತ್ತಿ, ಮೂರು ಬೆರಳು ಅಳೆದು ಸೂಜಿ ಇಳಿಸಿದೆ. ನನ್ನ ಕೈ ನಡುಗಲಿಲ್ಲ. ನಡುಗಬೇಕಿತ್ತು.

"ಹಗ್ಗ ನಾ ಹಿಡೀತೀನಿ ಅಕ್ಕಾ," ಅಂದಳು ಸಾವಂತ್ರಿ. "ನಾ ಕರಕೊಂಡ ಹೋಗ್ತೀನಿ." ಹಿಂತಿರುಗಿ ನೋಡಬೇಡ ಅಂತ ನಾನು ಹೇಳಿದೆ. ಅದು ಅವಳಿಗೂ ಗೊತ್ತಿತ್ತು. ಚೌಕಟ್ಟು ತಿರುಗಿಸಿದೆವು, ಬೆರಳು ಆಡಿದವು, ಪೆಟ್ಟಿಗೆಯ ಸದ್ದು ಏರಿತು, ಕಾಲು ಹೊರಟವು.

ಈಗ ಬಾಗಿಲುಗಳು ತೆರೆದಿದ್ದವು. ಹೋದದ್ದು ಮರಳಿ ಬರುವುದನ್ನು ಊರು ಯಾವತ್ತೂ ಕಂಡಿರಲಿಲ್ಲ. ಮೊದಲು ಒಂದು ಬಾಗಿಲಿನಿಂದ ಒಂದು ತಲೆ, ಆಮೇಲೆ ಎಲ್ಲ ಬಾಗಿಲುಗಳಲ್ಲೂ ಜನ. ಕಲ್ಲಣ್ಣ ಹೊರಗೆ ಬಂದು, "ಭೀಮಶಾ, ಸುತ್ತಗಿ ನಾಳಿಗಿ ತರ್ತೀನೋ," ಅಂದ. ಭೀಮಶಾ ಕೈ ಎತ್ತಿದ. ಎಮ್ಮೆಯ ಅತ್ತಿ, "ಹೆಣ್ಣುಗರ ಹಾಕ್ಯಾದಪ್ಪಾ, ಗಿಣ್ಣ ಕಳಸ್ತೀನಿ," ಅಂದಳು. "ಕಳಸು ಅತ್ತಿ," ಅಂದ. ಅವನ ದನಿ ಸಣ್ಣಗಾಗಿತ್ತು. ಸಾವಂತ್ರಿ ಮುಂದೆ ಹಗ್ಗ ಹೆಗಲಿಗೆ ಹಾಕಿಕೊಂಡು ಮಾತಾಡುತ್ತಲೇ ಇದ್ದಳು. ಮನೆಯಲ್ಲಿ ಜೋಳದ ಹಿಟ್ಟು ಇದೆಯಾ, ಮಂಚವನ್ನು ಕಿಟಕಿಯ ಕಡೆ ಸರಿಸಬೇಕು, ಗಿಣ್ಣ ಬಂದರೆ ಬೆಲ್ಲ ಹಾಕಿ ಕಾಯಿಸುತ್ತೇನೆ, ಹೀಗೆ. ಅವನು ಹೂಂ, ಹೂಂ ಅನ್ನುತ್ತಿದ್ದ. ನಾನು ಅವನ ಪಕ್ಕದಲ್ಲಿ ಮಣಿಕಟ್ಟು ಹಿಡಿದೇ ನಡೆಯುತ್ತಿದ್ದೆ.

ಕಾಶವ್ವ ತನ್ನ ಹೊಸ್ತಿಲಲ್ಲಿ ನಿಂತಿದ್ದಳು. "ಬಂದ್ಯಾ ಭೀಮಶಾ? ನನ್ನ ಜೀವಾನೇ ತಗದಿದ್ದೆಲ್ಲೋ," ಅಂತ ನಗುತ್ತಾ ಕೇಳಿದಳು.

ಭೀಮಶಾ ಉತ್ತರ ಕೊಡಲಿಲ್ಲ.

ನನ್ನ ಬೆರಳಿನ ಕೆಳಗೆ ಓಡುತ್ತಿದ್ದದ್ದು ಒಮ್ಮೆ ಎಡವಿದ ಹಾಗಾಯಿತು, ಮತ್ತೆ ಓಡಿತು, ಆಮೇಲೆ ಇರಲಿಲ್ಲ. ಚೌಕಟ್ಟಿನ ಕಟ್ಟಿಗೆ ಹಿಡಿದಿದ್ದ ಅವನ ಇನ್ನೊಂದು ಕೈ ಕಳಚಿ ಕೆಳಗೆ ತೂಗತೊಡಗಿತು. ಅದು ಹೇಗೆ ತೂಗುತ್ತದೆ ಅಂತ ನನಗಿಂತ ಚೆನ್ನಾಗಿ ಬಲ್ಲವರು ಈ ಊರಿನಲ್ಲಿಲ್ಲ. ಬದುಕಿದವನು ನಡೆದರೆ ಹೆಗಲು ಅಲುಗುತ್ತದೆ, ಕತ್ತು ಆಚೀಚೆ ತಿರುಗುತ್ತದೆ. ಈಗ ಮೇಲೆ ಏನೂ ಅಲುಗುತ್ತಿರಲಿಲ್ಲ. ಕೆಳಗೆ ಕಾಲು ಮಾತ್ರ ನಡೆಯುತ್ತಿದ್ದವು, ಒಂದರ ಹಿಂದೆ ಒಂದು, ಸರಿಯಾಗಿ, ಅಳತೆ ತಪ್ಪದೆ.

ಮೌಲಾಸಾಬ ಹಿಂದಿನಿಂದ ನನ್ನನ್ನು ನೋಡಿದ. ಅವನಿಗೂ ತಿಳಿದಿತ್ತು. ಅವನ ಕೈ ಕರೆಂಟು ಬಂದ್ ಮಾಡಲು ಪೆಟ್ಟಿಗೆಯ ಗುಂಡಿಯ ಮೇಲೆ ಹೋಯಿತು. ನಾನು ಬೇಡ ಅಂತ ಕಣ್ಣಲ್ಲೇ ಹೇಳಿದೆ. ಯಾಕೆ ಹೇಳಿದೆ ಅಂತ ಎಷ್ಟು ಸಲ ಕೇಳಿಕೊಂಡಿದ್ದೇನೆ. ಅಲ್ಲೇ ನಿಲ್ಲಿಸಬೇಕಿತ್ತು, ನೀರು ಹಾಕಿ ಎದೆ ತಿಕ್ಕಬೇಕಿತ್ತು. ಪ್ರಯೋಜನ ಇರಲಿಲ್ಲ, ಆದರೂ ಮಾಡಬೇಕಿತ್ತು. ಎಲ್ಲ ಬಾಗಿಲುಗಳೂ ತೆರೆದಿದ್ದವು. ಮುಂದೆ ಸಾವಂತ್ರಿ ಮಾತಾಡುತ್ತಿದ್ದಳು. ಕಾಲು ಮನೆಯ ಕಡೆ ನಡೆಯುತ್ತಿದ್ದವು. ನಿಲ್ಲಿಸುವುದು ನನ್ನಿಂದ ಆಗಲಿಲ್ಲ.

ಬೆವರು ಒರೆಸುವ ಹಾಗೆ ಮಾಡಿ ಅಂಗೈಯಿಂದ ಅವನ ಕಣ್ಣು ಮುಚ್ಚಿದೆ. ತಲೆಯ ರುಮಾಲು ಬಿಚ್ಚಿ, ಗದ್ದದ ಅಡಿಯಿಂದ ತಂದು ಚೌಕಟ್ಟಿನ ಮೇಲಿನ ಕಟ್ಟಿಗೆಗೆ ಕಟ್ಟಿದೆ. ತಲೆ ನೆಟ್ಟಗೆ ನಿಂತಿತು. ನಡೆಯುತ್ತಲೇ ಇದನ್ನೆಲ್ಲ ಮಾಡುವುದು ನನಗೆ ರೂಢಿ. ಬಿಸಿಲಿಗೆ ಹಾಗೆ ಕಟ್ಟಿದಳು ಅಂತ ಜನ ಅಂದುಕೊಂಡರು. "ದಣದಾನ ಪಾಪ," ಅಂದಳು ಕಾಶವ್ವ ಹಿಂದಿನಿಂದ.

"ದಣದ್ರೇನ್ರಿ?" ಸಾವಂತ್ರಿ ಕೇಳಿದಳು. ಉತ್ತರ ಬರದಿದ್ದಾಗ, "ಮಾತಾಡಬ್ಯಾಡ್ರಿ, ಮಾತಾಡಬ್ಯಾಡ್ರಿ. ಇನ್ನೇನು ಬಂತು ಮನಿ," ಅಂದಳು.

ಅಲ್ಲಿಂದ ನೂರಾ ಎಂಬತ್ತು ಹೆಜ್ಜೆ. ಎಣಿಸುವುದು ಬೇಡವೆಂದರೂ ನನ್ನ ಬಾಯಿ ಒಳಗೊಳಗೇ ಎಣಿಸುತ್ತಿತ್ತು. ಎಷ್ಟೋ ಮಂದಿಯನ್ನು ನಾನು ಮನೆಯಿಂದ ಮಣ್ಣಿಗೆ ನಡೆಸಿದ್ದೇನೆ. ಸತ್ತವನೊಬ್ಬ ಮನೆಯ ಕಡೆಗೆ ನಡೆದದ್ದು ಅದೊಂದೇ ಸಲ. ಬಾಗಿಲುಗಳಲ್ಲಿ ನಿಂತ ಜನ ಹೆಸರು ಹಿಡಿದು ಮಾತಾಡಿಸುತ್ತಿದ್ದರು, ನಾಲ್ಕು ವರ್ಷದಿಂದ ಆಡದೆ ಉಳಿಸಿಕೊಂಡ ಮಾತುಗಳನ್ನೆಲ್ಲ. ಒಬ್ಬ ಮುದುಕ ಎದ್ದು ನಿಂತು ಕೈ ಮುಗಿದ. ಮೌಲಾಸಾಬ ತಲೆ ತಗ್ಗಿಸಿ ನೂಕುತ್ತಿದ್ದ, ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

ನಮ್ಮ ಅಂಗಳಕ್ಕೆ ಬಂದೆವು. ಬಾಗಿಲ ಮೇಲೆ ಆರುನೂರಾ ನಲವತ್ತು ಅನ್ನುವ ಅಂಕಿ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ನಾನೂರಾ ಹನ್ನೆರಡನೇ ಹೆಜ್ಜೆಗೆ ಕಾಲು ಸೆಟೆದು ನಿಂತವು, ಹೊಸ್ತಿಲಿಗೆ ಒಂದು ಮೊಳ ಈಚೆ. ಆವಾಗಲೂ ನನ್ನ ಲೆಕ್ಕ ತಪ್ಪಿರಲಿಲ್ಲ.

"ಅಲ್ಲೇ ನಿಂದರ್ರಿ," ಅಂದಳು ಸಾವಂತ್ರಿ, ಹಗ್ಗ ಕೆಳಗೆ ಹಾಕಿ, ಹಿಂತಿರುಗದೆ. "ಹಂಗೇ ಒಳಗ ಬರಬ್ಯಾಡ್ರಿ. ಕಾಲಿಗಿ ನೀರು ತರ್ತೀನಿ." ಒಳಗೆ ಓಡಿದಳು. ಹಂಡೆಗೆ ತಂಬಿಗೆ ಮುಳುಗಿಸಿದ ಸದ್ದು ಕೇಳಿಸಿತು.

ಪೆಟ್ಟಿಗೆಯ ಸದ್ದು ಸಣ್ಣಗಾಗುತ್ತಿತ್ತು. ಒಂದೇ ದಿನ ಇಷ್ಟು ಹೊತ್ತು ಅದು ಎಂದೂ ದುಡಿದಿರಲಿಲ್ಲ. ಕರೆಂಟು ಇರುವ ತನಕ ಅವನ ಕಾಲು ನಿಂತಿರುತ್ತವೆ. ಬಂದ್ ಮಾಡಿದರೆ ಮೊಣಕಾಲು ಕುಸಿದು ಚೌಕಟ್ಟಿನಲ್ಲಿ ಜೋತು ಬೀಳುತ್ತಾನೆ.

"ದುಂಡವ್ವ, ಬಂದ್ ಮಾಡ್ಲೇನು?" ಮೌಲಾಸಾಬ ಕೇಳಿದ.

"ತಡಿ," ಅಂದೆ. "ಆಕಿ ಕಾಲು ತೊಳೀಲಿ."

ಸಾವಂತ್ರಿ ತಂಬಿಗೆ ಹಿಡಿದು, ತುಂಬಿದ ನೀರು ಚೆಲ್ಲದಂತೆ ಅದನ್ನೇ ನೋಡುತ್ತಾ ಬಂದಳು. ಅವನ ಪಾದದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದು ಪಾದಕ್ಕೆ ನೀರು ಹಾಕಿ ಅಂಗೈಯಿಂದ ಉಜ್ಜಿದಳು, ಇನ್ನೊಂದು ಪಾದಕ್ಕೆ ಹಾಕಿದಳು. ಬೆರಳ ಸಂದಿಯ ಧೂಳು ತೆಗೆದಳು. ಹಾಸುಗಲ್ಲು ಕಾದು ಅವನ ಪಾದದ ಅಂಚಿಗೆಲ್ಲ ಬೊಬ್ಬೆ ಎದ್ದಿದ್ದವು. ಅವು ಹೋಗುವಾಗಲೇ ಎದ್ದಂಥವು. ಸತ್ತವರ ಪಾದಕ್ಕೆ ಬೊಬ್ಬೆ ಬರುವುದಿಲ್ಲ, ಅದು ಅವಳಿಗೂ ಗೊತ್ತು, ಊರಿಗೆಲ್ಲ ಗೊತ್ತು.

"ಅಯ್ಯ ಶಿವನ, ಎಷ್ಟ ಸುಟ್ಟಾವ ನೋಡ್ರಿ ಅಕ್ಕಾ," ಅಂದಳು ನನಗೆ. ಆ ದನಿಯಲ್ಲಿ ದುಃಖ ಇರಲಿಲ್ಲ. ಸೆರಗಿನಿಂದ ಪಾದ ಒತ್ತಿ ಒರೆಸಿದಳು. ಬೊಬ್ಬೆಗಳ ಮೇಲೆ ಬಾಯಿಂದ ಗಾಳಿ ಊದಿದಳು. "ಉರೀತಾವೇನ್ರಿ?" ಅಂತ ಅವನನ್ನು ಕೇಳಿದಳು. ಕೇಳಿ, ತನ್ನ ಹಣೆ ತಾನೇ ಬಡಿದುಕೊಂಡು ನಕ್ಕಳು.

"ನಾ ಎಂಥಾ ಹುಚ್ಚಿ. ನಿಮಗ ಕಾಲಾಗ ಏನ್ ತಿಳೀತದ?" ಅನ್ನುತ್ತಾ, ನಗುತ್ತಲೇ, ಅವನ ಮುಖ ನೋಡಲು ತಲೆ ಎತ್ತಿದಳು.